ಸರುಬಾಯಿಯ ಪಾಳಿ

ಎಳ್ಳಮಾವಾಸ್ಯೆಗೆ ಮೂರು ದಿನ ಉಳಿದಿತ್ತು. ಹುಮನಾಬಾದಿನ ಸುತ್ತಲ ಕರಿ ಹೊಲಗಳಲ್ಲಿ ಬಿಳಿಜೋಳ ಎದೆಮಟ್ಟ ನಿಂತಿತ್ತು. ಕಡಲೆ ಹೂಬಿಟ್ಟು, ಬೆಳಗಿನ ಚಳಿಯಲ್ಲಿ ಅದರ ಹುಳಿಯ ವಾಸನೆ ಊರೊಳಗೂ ಬರುತ್ತಿತ್ತು. ಹಬ್ಬದ ದಿನ ಹೊಲಕ್ಕೆ ಹೊತ್ತೊಯ್ಯುವ ಬುತ್ತಿಗೆ ಸಜ್ಜೆರೊಟ್ಟಿ ಆಗಬೇಕು, ಜೋಳದ ರೊಟ್ಟಿ ಆಗಬೇಕು. ಹಾಗಾಗಿ ಹಳೇ ಬಸ್ ಸ್ಟ್ಯಾಂಡಿನ ಹಿಂದಿದ್ದ ಮಹಾರುದ್ರಪ್ಪನವರ ಹಿಟ್ಟಿನ ಗಿರಣಿ ನಸುಕಿನಿಂದ ಒಂದೇ ಸಮ ತಿರುಗುತ್ತಿತ್ತು.

ಗಿರಣಿ ನಡೆಸುತ್ತಿದ್ದವನು ಮಹಾರುದ್ರಪ್ಪನವರ ತಂಗಿಯ ಮಗ ಬಸವಣಪ್ಪ. ವಯಸ್ಸು ಇಪ್ಪತ್ತಾರು. ಅಪ್ಪ ಇಲ್ಲದ ಹುಡುಗನನ್ನು ಸೋದರಮಾವ ಸಾಕಿ, ಓದಿಸಿ, ಗಿರಣಿಯ ಕೀಲಿ ಕೈಗೆ ಕೊಟ್ಟಿದ್ದರು. ಬೆಳಗಾದರೆ ಸ್ಟಾರ್ಟರಿನ ಹಿಡಿಕೆ ಎಳೆಯುವುದು, ಕರೆಂಟು ಹೋದರೆ ಬಾಗಿಲಲ್ಲಿ ಕುಳಿತು ಬೈಸಿಕೊಳ್ಳುವುದು, ಸಂಜೆ ಮೈಮೇಲಿನ ಹಿಟ್ಟು ಕೊಡವಿ ಮನೆಗೆ ಹೋಗುವುದು. ಅದು 1974ನೇ ಇಸವಿ. ಅಲ್ಲಿಯವರೆಗೆ ಅವನ ಬದುಕು ಅಷ್ಟೇ ಆಗಿತ್ತು.

ಆ ದಿನ ಹೆಂಗಸರ ಗುಂಪನ್ನು ಸರಿಸಿಕೊಂಡು ಒಬ್ಬಳು ಮುಂದೆ ಬಂದಳು. ಕೈಯಲ್ಲಿ ಬುಟ್ಟಿ ಇರಲಿಲ್ಲ, ಅರಿವೆಯ ಗಂಟಿತ್ತು. ಅದನ್ನು ಅವನ ಮೇಜಿನ ಮೇಲೆ ಬಿಚ್ಚಿದಳು. ಒಳಗೆ ಜೋಳದ ರೊಟ್ಟಿ.

"ತಗೋರಿ, ಉಣ್ಣರಿ."

ಪಕ್ಕದ ಹುಡಗಿ ಎಂಬ ಊರಿನಿಂದ ಬಂದಿದ್ದ ಕಮಳಾಬಾಯಿ, ನಡುವಯಸ್ಸಿನ ನಗೆಗಾರ್ತಿ, ಗಿರಣಿಯ ಗದ್ದಲ ಮೀರಿ ಕೂಗಿದಳು. "ನೋಡ್ರವ್ವ, ಗಿರಣಿಯವರಿಗಿ ಬುತ್ತಿ ಬಂತು."

ಬಸವಣಪ್ಪನ ಕಿವಿ ಕೆಂಪಾದವು. "ನಂದು ಊಟ ಆಗ್ಯಾದ."

"ಆಗಿರ್ಲಿ. ಒಂದು ತುತ್ತು ತಿಂದು ನೋಡ್ರಿ."

ಅವನು ರೊಟ್ಟಿ ಮುಟ್ಟಿದ. ಅದು ಬೇಸಿಗೆಯ ಕೆರೆಯಂಗಳದ ಹೆಂಟೆಯ ಹಾಗೆ ನಾಲ್ಕು ಚೂರಾಯಿತು. ಬಾಯಿಗೆ ಹಾಕಿಕೊಂಡ, ನುಂಗಲು ನೀರು ಬೇಕಾಯಿತು.

"ನಿನ್ನಿ ನೀವೇ ಬೀಸಿ ಕೊಟ್ಟ ಹಿಟ್ಟಿಂದು" ಅಂದಳು ಅವಳು. "ಬಡಿಯಾಕ ಕುಂತ್ರ ಅಂಚು ಬಿರೀತದ, ಹಂಚಿಗಿ ಹಾಕಿದ್ರ ಮುರೀತದ. ನಮ್ಮವ್ವ ಮಾಣಿಕಮ್ಮ ಇದೇ ಊರಾಗ ಮಂದಿ ಮನ್ಯಾಗ ಇಪ್ಪತ್ತು ವರ್ಷ ಬೀಸ್ಯಾಳ. ಅಕಿ ಹಿಟ್ಟಿನ ರೊಟ್ಟಿ ಹಿಂಗ ಎಂದೂ ಆಗಿಲ್ಲ."

"ಜ್ವಾಳ ಹಳೇದಿರಬೇಕು."

"ಜ್ವಾಳ ಹೊಸಾದು. ನಿಮ್ಮ ಕಲ್ಲು ಕಾದದ. ಹಿಟ್ಟು ಬೀಳೂದ್ರಾಗ ಕೈ ಇಡ್ರಿ."

ಅವನು ಇಟ್ಟ. ಹಿಟ್ಟು ಜ್ವರ ಬಂದ ಕೂಸಿನ ಹಣೆಯ ಹಾಗೆ ಸುಡುತ್ತಿತ್ತು. ದಿನವೂ ನೋಡುವ ಹಿಟ್ಟು. ಬಿಸಿಯಾಗಿರುವುದೇ ಅದರ ಗುಣ ಎಂದುಕೊಂಡಿದ್ದ.

"ಬೀಸಾಕಿ ದಣಿತಾಳ, ನಡುನಡುವ ಉಸಿರು ತಗೋತಾಳ, ಅಷ್ಟರಾಗ ಕಲ್ಲು ಆರ್ತದ. ನಿಮ್ಮ ಮಸೀನಿಗಿ ದಣಿವಿಲ್ಲ. ಹಿಟ್ಟಿನಾಗ ಜಿಗಿ ಹ್ಯಾಂಗ ಉಳೀತದ?"

"ಇಷ್ಟು ಮಂದಿ ನಿಂತಾರ. ನಡುವ ನಿಲ್ಲಿಸಿದ್ರ ಬೈತಾರ."

"ಈಗೂ ಬೈತಾರ. ಒಲಿ ಮುಂದ ಕುಂತು ಬೈತಾರ. ನಿಮಗ ಕೇಳಸಲ್ಲ, ಅಷ್ಟೇ."

ಮೂಲೆಯಲ್ಲಿ ಬಿಡಿ ಕಲ್ಲೊಂದನ್ನು ಮಗುಚಿ ಹಾಕಿಕೊಂಡು ಉಳಿಯಿಂದ ಹಲ್ಲು ಕಟೆಯುತ್ತಿದ್ದ ಜಲಾಲುದ್ದೀನ್ ಚಾಚಾ ತಲೆ ಎತ್ತಿದ. ವರ್ಷಕ್ಕೆ ನಾಲ್ಕು ಸಲ ಬಸವಕಲ್ಯಾಣದಿಂದ ಬಂದು ಗಿರಣಿಯ ಕಲ್ಲು ಹರಿತ ಮಾಡಿ ಹೋಗುವವನು. "ಬೇಟಿ ಹೇಳೂದು ಖರೆ ಅದ, ಬಸವಣಪ್ಪ. ನಾ ಹೇಳಿ ಹೇಳಿ ಸಾಕಾಗಿ ಬಿಟ್ಟೀನಿ."

ಬಸವಣಪ್ಪ ಎದ್ದು ಹೋಗಿ ಹಿಡಿಕೆ ಇಳಿಸಿದ. ಕಲ್ಲು ತಿರುಗಿಸುವ ಪಟ್ಟಾ ನಿಧಾನವಾಗಿ, ಮನಸ್ಸಿಲ್ಲದ ಹಾಗೆ ನಿಂತಿತು. ಬೆಳಗಿನಿಂದ ಕಿವಿಯಲ್ಲಿ ತುಂಬಿದ್ದ ಸದ್ದು ಒಮ್ಮೆಲೇ ಇಳಿದು, ಹೊರಗೆ ಎಲ್ಲೋ ಗುಬ್ಬಿ ಕೂಗುವುದು ಕೇಳಿಸಿತು.

ಆಗ ಅವಳನ್ನು ನೋಡಿದ. ರೆಪ್ಪೆಯ ತುದಿಗೆ ಹಿಟ್ಟು ಕೂತಿತ್ತು, ಚಳಿಗಾಲದ ಮುಂಜಾನೆ ಹುಲ್ಲಿನ ಮೇಲೆ ಇಬ್ಬನಿ ಕೂತ ಹಾಗೆ. ಅವನು ನೋಡುತ್ತಿದ್ದಾನೆಂದು ಗೊತ್ತಾಗಿ ಅವಳು ಪಟ್ಟಾದ ಕಡೆ ನೋಡಿದಳು.

"ಎಷ್ಟೊತ್ತು ನಿಲ್ಲಿಸಬೇಕು?"

"ಒಂದು ಎಲಿ ಅಡಿಕಿ ಹಾಕ್ಕೊಂಡು ನುರಿಸೂವಷ್ಟು."

"ನಿನ್ನ ಹೆಸರೇನು?"

"ಸರುಬಾಯಿ" ಅಂದು ಅವಳು ರೊಟ್ಟಿಯ ಚೂರುಗಳನ್ನು ಗಂಟು ಕಟ್ಟಿಕೊಂಡಳು. ಮುರಿದದ್ದಾದರೂ ರೊಟ್ಟಿ, ಚೆಲ್ಲುವ ಮನೆಯವಳಲ್ಲ.

*

ಎರಡು ಬುಟ್ಟಿಗೊಮ್ಮೆ ಕಲ್ಲು ನಿಲ್ಲತೊಡಗಿತು. ಮೊದಲ ವಾರ ಜನ ಗೊಣಗಿದರು. ಮಾಘ ಮಾಸ ಬರುವಷ್ಟರಲ್ಲಿ ಗೊಣಗಿದವರೇ, ಮಹಾರುದ್ರಪ್ಪನವರ ಗಿರಣಿಯ ಹಿಟ್ಟಿನ ರೊಟ್ಟಿ ಮೂರು ದಿನ ಇಟ್ಟರೂ ಮೆತ್ತಗಿರುತ್ತದೆ ಎಂದು ಬೇರೆಯವರಿಗೆ ಹೇಳತೊಡಗಿದರು.

ಸರುಬಾಯಿ ಹೊಲದ ಕೂಲಿಗೆ ಹೋಗುವವಳು. ಕೂಲಿಗೆ ಬಂದ ಕಾಳನ್ನು ನಾಲ್ಕು ದಿನಕ್ಕೊಮ್ಮೆ ಬೀಸಿಸಲು ತರುವಳು. ಚಿಕ್ಕ ಬುಟ್ಟಿ. ಹಿಟ್ಟು ಬೀಳುವಾಗ ಒಂದು ಚಿಟಿಕೆ ತೆಗೆದು ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ ನೋಡುವಳು. ಹಿಡಿಸಿದರೆ ಹುಬ್ಬು ಒಂದಿಷ್ಟು ಇಳಿಯುವುದು. ಹಿಡಿಸದಿದ್ದರೆ ಕೆಳತುಟಿ ಮುಂದೆ ಬರುವುದು. ಅವಳು ಬಾಯಿಬಿಡುವ ಮೊದಲೇ ಬಸವಣಪ್ಪನ ಕೈ ಕಲ್ಲಿನ ತಿರುಪಿಗೆ ಹೋಗುತ್ತಿತ್ತು.

"ನಾ ಏನೂ ಹೇಳಿಲ್ಲಲ್ಲ?"

"ತುಟಿ ಹೇಳ್ತು."

"ತುಟಿ ನೋಡ್ಕೊಂತ ಕುಂತ್ರ ಕಾಳು ಚೆಲ್ತಾವ, ಕೆಲಸ ನೋಡ್ರಿ."

ಬೇಸಿಗೆಯಲ್ಲಿ ಒಂದು ಮಧ್ಯಾಹ್ನ, ಕರೆಂಟಿಲ್ಲದಾಗ, ಅವನು ಬಾಗಿಲಲ್ಲಿ ಕುಳಿತು ಅವಳಿಗೆ ತನ್ನ ಮನಸ್ಸಿನಲ್ಲಿದ್ದುದನ್ನು ಕೇಳಿದ. ದಿನಾ ಎಷ್ಟೋ ಹೆಂಗಸರು ಬುಟ್ಟಿ ಹೊತ್ತು ಬರುತ್ತಾರೆ, ಗುಂಪು ನೋಡುತ್ತಾರೆ, ಹಾಗೆಯೇ ತಿರುಗಿ ಹೋಗುತ್ತಾರೆ. ಯಾಕೆ?

ಅವಳು ಚೌಕಟ್ಟಿಗೆ ಆತು, ಒಂದು ಪಾದದ ಮೇಲೆ ಇನ್ನೊಂದು ಪಾದ ಇಟ್ಟುಕೊಂಡು ನಿಂತಿದ್ದಳು. "ಕಾಯೂದಕ್ಕ ನಮಗೇನೂ ಬ್ಯಾಸರಿಲ್ಲರಿ. ಹುಟ್ಟಿದಾಗಿಂದ ಕಾದೇ ರೂಢಿ ಅದ. ಯಾವಾಗಂತ ಗೊತ್ತಿಲ್ದ ಕಾಯೂದದಲ್ಲ, ಅದು ಜೀವ ತಿಂತದ. ಈಗ ಆಗ್ತದ, ಈಗ ಆಗ್ತದ ಅಂತ ನಿಂತು ಕೂಲಿ ಹೋಗ್ತದ. ಮನ್ಯಾಗ ಕೂಸು ಅಳ್ತದ. ನಡುವ ದೊಡ್ಡವರ ಮನಿ ಚೀಲ ಬಂದ್ರ ನಮ್ಮ ಬುಟ್ಟಿ ಹಿಂದ ಸರೀತದ. ಯಾಕಂತ ಕೇಳೂಹಂಗಿಲ್ಲ."

ಆ ರಾತ್ರಿ ಅವನಿಗೆ ನಿದ್ದೆ ಬರಲಿಲ್ಲ. ಮರುದಿನ ಡಾಲ್ಡಾ ಡಬ್ಬಿ ಕತ್ತರಿಸಿ ತಗಡಿನ ಬಿಲ್ಲೆ ಮಾಡಿದ. ಒಂದೊಂದು ಅಂಕಿಗೂ ಎರಡೆರಡು, ಒಂದು ಬುಟ್ಟಿಯ ಮೇಲೆ, ಒಂದು ಹೆಂಗಸಿನ ಕೈಗೆ. ಸರುಬಾಯಿ ನೋಡಿ ನಕ್ಕಳು.

"ಅಂಕಿ ಓದಾಕ ಬರೂವರು ಇಲ್ಲಿ ಯಾರದಾರ್ರಿ? ಮೊಳೆಲಿಂದ ತೂತು ಹೊಡೀರಿ. ಒಂದು ತೂತು, ಎರಡು ತೂತು. ಬೆರಳಿಗಿ ತಿಳೀತದ."

ಹಾಗೇ ಆಯಿತು. ಬುಟ್ಟಿ ಸಾಲಿನಲ್ಲಿಟ್ಟು, ಬಿಲ್ಲೆ ಸೆರಗಿಗೆ ಕಟ್ಟಿಕೊಂಡು ಹೆಂಗಸರು ಕೆಲಸಕ್ಕೆ ಹೋಗತೊಡಗಿದರು. ಬೆಳಿಗ್ಗೆ ಜೋಳ ಸಜ್ಜೆ, ಮಧ್ಯಾಹ್ನ ಗೋಧಿ, ಶನಿವಾರ ಕಡಲೆ ಎಂದು ಹೊತ್ತು ಕಟ್ಟಿದ್ದರಿಂದ ಒಬ್ಬರ ಹಿಟ್ಟಿನಲ್ಲಿ ಇನ್ನೊಬ್ಬರ ಕಾಳಿನ ಹಿಟ್ಟು ಬೆರೆಯುವ ಜಗಳ ನಿಂತಿತು. ತಲೆಯ ಮೇಲೆ ಬುಟ್ಟಿ ಏರಿಸಲು ಇನ್ನೊಬ್ಬರನ್ನು ಕರೆಯುವ ಕೆಲಸವಿಲ್ಲದಂತೆ, ಬಾಗಿಲ ಪಕ್ಕ ಎದೆಮಟ್ಟದ ಕಟ್ಟೆ ಎದ್ದಿತು. ಅದರ ಎತ್ತರ ಎಷ್ಟಿರಬೇಕೆಂದು ಅವನು ಕೇಳಿದಾಗ ಸರುಬಾಯಿ ಗೋಡೆಗೆ ನಿಂತು, "ಇಲ್ಲೀತನ" ಎಂದು ಕೈ ತೋರಿಸಿದ್ದಳು. ಅವನು ಇದ್ದಿಲಿನಿಂದ ಗೆರೆ ಎಳೆಯುವಾಗ ಅವನ ಬೆರಳು ಅವಳ ಹೆಗಲಿನಿಂದ ಒಂದು ಗೇಣು ದೂರದಲ್ಲಿತ್ತು. ಗೆರೆ ಸೊಟ್ಟ ಬಂತು. ಕಟ್ಟೆ ಕಟ್ಟಲು ಬಂದ ಗೌಂಡಿ ಅದನ್ನು ನೋಡಿ ಯಾಕೆ ಹೀಗೆ ಎಂದು ಕೇಳಿದಾಗ, ಹಾಗೇ ಕಟ್ಟು ಅಂದು ಒಳಗೆ ಹೋದ.

ಹುಡಗಿ, ಘಾಟಬೋರಾಳ ಊರುಗಳಿಂದಲೂ ಬುಟ್ಟಿಗಳು ಬರತೊಡಗಿದವು. ಮಹಾರುದ್ರಪ್ಪನವರು ಒಂದು ದಿನ ಬಂದು ಸಾಲು ನೋಡಿ, "ತಲಿ ಓಡಸೀದಿ ನೋಡು, ಭೇಷ್" ಅಂದರು. ಇದು ನನ್ನ ತಲೆಯಲ್ಲ ಎಂದು ಬಸವಣಪ್ಪ ಹೇಳಬೇಕೆಂದುಕೊಂಡ. ಆದರೆ ಮಾವ ಅಷ್ಟರಲ್ಲಿ ಬೇರೆ ಮಾತು ತೆಗೆದಿದ್ದರು.

*

ಮಳೆಗಾಲ ಹಿಡಿಯಿತು. ಶ್ರಾವಣದ ಒಂದು ಸಂಜೆ, ಕೊನೆಯ ಬುಟ್ಟಿ ಅವಳದೇ ಇತ್ತು. ಹಿಟ್ಟು ಬುಟ್ಟಿಗೆ ಬೀಳುತ್ತ ಸಣ್ಣ ಗುಡ್ಡವಾಗುತ್ತಿತ್ತು. ಇಬ್ಬರೂ ಅದನ್ನೇ ನೋಡುತ್ತಿದ್ದರು.

"ಸರೂ, ಮಾವಗ ಹೇಳ್ತೀನಿ" ಅಂದ, ಗದ್ದಲದ ಮೇಲೆ.

"ಏನಂತ? ಕಟ್ಟಿ ಸೊಟ್ಟ ಆಗ್ಯಾದ ಅಂತನಾ?"

"ನಿನ್ನ ಲಗ್ನ ಆಗ್ತೀನಿ ಅಂತ."

ಅವಳು ಹಿಟ್ಟಿಗೆ ಕೈ ಹಾಕಿ, ಒಂದು ಚಿಟಿಕೆ ತೆಗೆದು, ತಿಕ್ಕದೆ ಹಾಗೇ ಹಿಡಿದುಕೊಂಡಳು. ಆಮೇಲೆ, "ನಾವು ನಿಮ್ಮವರಲ್ಲ" ಅಂದಳು.

"ಗೊತ್ತದ."

"ನಿಮ್ಮತ್ತಿ ಒಪ್ಪಲ್ಲ."

"ಹೇಳೂದು ನನ್ನ ಕೆಲಸ. ನೀ ಹೂಂ ಅನ್ನು."

"ಹೂಂ" ಅಂದಳು. ಎಷ್ಟು ಸಣ್ಣಗೆ ಅಂದಳೆಂದರೆ ಗಿರಣಿಯ ಸದ್ದಿನಲ್ಲಿ ಅದು ಕೇಳಲಿಲ್ಲ, ಅವಳ ತುಟಿ ಮುಚ್ಚಿ ಕೆನ್ನೆ ತುಂಬಿದ್ದನ್ನು ನೋಡಿಯೇ ಅವನಿಗೆ ತಿಳಿಯಿತು. ಆ ರಾತ್ರಿ ಮಳೆಯಲ್ಲಿ ನೆನೆಯುತ್ತ ಮನೆಗೆ ಹೋದ. ಮೈಮೇಲಿನ ಹಿಟ್ಟು ಅಂಟಾಗಿ, ಅತ್ತೆ ರುಕ್ಮಿಣಿಬಾಯಿ, "ಇದೇನೋ, ಕಣಕ ನಾದಿದಂಗ ಆಗೀದಿ" ಎಂದು ಬಿಸಿನೀರು ಕಾಸಿಕೊಟ್ಟರು. ಅವರು ತಲೆ ಒರೆಸಿಕೊಡುವಾಗ ಅವನಿಗೆ ಹೇಳಲು ಬಾಯಿ ಬರಲಿಲ್ಲ. ಹೆತ್ತವಳಿಗಿಂತ ಹೆಚ್ಚು ನೋಡಿಕೊಂಡ ಹೆಂಗಸು. ಮಡಿ ಮೈಲಿಗೆ ಎಂದರೆ ಜೀವ ಬಿಡುವವರು.

ದಸರೆಗೆ ಹೇಳುತ್ತೇನೆ ಅಂದ. ದಸರೆಗೆ ಮಾವನಿಗೆ ಜ್ವರ. ದೀಪಾವಳಿಗೆ ಅಂದ. ದೀಪಾವಳಿಗೆ ಮಾವನ ಮಗಳು, ಅಳಿಯ ಬಂದು ಮನೆ ತುಂಬಿತ್ತು. ಸರುಬಾಯಿ ಯಾವತ್ತೂ ಒತ್ತಾಯ ಮಾಡಲಿಲ್ಲ. ಬರುವಾಗ ಒಮ್ಮೆ ಅವನ ಮುಖ ನೋಡುವಳು. ಇನ್ನೂ ಹೇಳಿಲ್ಲವೆಂದು ತಿಳಿದು ಬುಟ್ಟಿ ಸಾಲಿನಲ್ಲಿಡುವಳು.

ಕಾರ್ತಿಕದಲ್ಲಿ ಅವಳೇ ಹೇಳಿದಳು. "ಬಸವಕಲ್ಯಾಣದಿಂದ ನನ್ನ ನೋಡಾಕ ಬಂದಿದ್ರು. ಟಾಂಗಾ ಹೊಡೀತಾನಂತ. ಅವ್ವಗ ಪಸಂದ ಆಗ್ಯಾನ."

ಬಿಲ್ಲೆ ಎಣಿಸುತ್ತಿದ್ದ ಅವನ ಕೈ ನಿಂತಿತು. "ನಿನಗ?"

"ಅವನ ಮುಖ ನಾ ಸರಿಯಾಗಿ ನೋಡಿಲ್ಲ. ನನ್ನ ಲಕ್ಷ್ಯ ಎಲ್ಲಿತ್ತು ನಿಮಗ ಗೊತ್ತದ." ಬುಟ್ಟಿಯನ್ನು ಕಟ್ಟೆಯ ಮೇಲಿಟ್ಟು, "ಇವತ್ತ ನಾಳಿ ಅಂತ ಅವರಿಗಿ ಹೇಳಿ ಇಟ್ಟೀನಿ. ನನಗೊಂದು ದಿನ ಹೇಳ್ರಿ. ದೂರ ಇದ್ರೂ ನಡೀತದ. ಇಂಥಾ ದಿನ ಅಂತ ಗೊತ್ತಿದ್ರ ನಾ ವರ್ಷಗಟ್ಟಲೆ ಕುಂದರ್ತೀನಿ" ಅಂದಳು.

"ಎಳ್ಳಾಮಾಸಿ ಆಗ್ಲಿ. ಹಬ್ಬದ ಮರುದಿನಾನೇ ಹೇಳ್ತೀನಿ."

"ಹಬ್ಬದ ಮರುದಿನ" ಎಂದು ಅವಳು ತನಗೆ ತಾನೇ ಅಂದುಕೊಂಡಳು. ಕಟ್ಟೆಯ ಮೇಲಿಂದ ಬುಟ್ಟಿ ತಲೆಗೇರಿಸಿ ಹೋಗುವಾಗ, ತಿರುವಿನಲ್ಲಿ ಒಮ್ಮೆ ನಿಂತು ಹಿಂದಿರುಗಿ ನೋಡಿದಳು. ತಲೆಯ ಮೇಲೆ ಭಾರ ಇದ್ದವರು ಹಾಗೆ ತಿರುಗುವುದಿಲ್ಲ.

*

ಎಳ್ಳಮಾವಾಸ್ಯೆಯ ಹಿಂದಿನ ದಿನ. ಕರೆಂಟು ಮಧ್ಯಾಹ್ನದವರೆಗೆ ಮಾತ್ರ ಎಂದು ಸಾರಿದ್ದರು. ಸಾಲು ಬಾಗಿಲು ದಾಟಿ ರಸ್ತೆಯವರೆಗೆ ಇತ್ತು. ನಸುಕಿನಲ್ಲೇ ಬಂದು ಬುಟ್ಟಿ ಇಟ್ಟು ಹೋಗಿದ್ದ ಸರುಬಾಯಿ ಹನ್ನೊಂದೂವರೆಗೆ ಬಂದಳು. ಅವಳ ಮುಂದೆ ಇದ್ದುದು ಕಮಳಾಬಾಯಿಯ ಬುಟ್ಟಿ ಒಂದೇ. ಆಮೇಲೆ ಅವಳದೇ ಪಾಳಿ.

ಕಮಳಾಬಾಯಿಯದು ಮುಗಿಯುವ ಹೊತ್ತಿಗೆ ಬಾಗಿಲಲ್ಲಿ ಟಾಂಗಾ ನಿಂತಿತು. ರುಕ್ಮಿಣಿಬಾಯಿ ಇಳಿದರು, ಅವರ ಹಿಂದೆ ಮಗಳ ಅತ್ತೆ, ನಾದಿನಿ. ಹಬ್ಬಕ್ಕೆ ಬಂದ ಬೀಗರಿಗೆ ಗಿರಣಿ ತೋರಿಸುವ ಹುರುಪು ಅವರ ಮುಖದಲ್ಲಿತ್ತು. ಹಿಂದೆ ಆಳು ಸಜ್ಜೆಯ ಚೀಲ ಹೊತ್ತು ತಂದ.

"ಬಸವಣ್ಣಿ, ಇದನ್ನ ಜರಾ ಬೀಸಿ ಕೊಡು. ಬೀಗರು ಬಂದು ನಿಂತಾರ, ಮನ್ಯಾಗ ಒಲಿ ಹಚ್ಚಿ ಬಂದೀನಿ."

ಬಸವಣಪ್ಪ ಸರುಬಾಯಿಯ ಕಡೆ ನೋಡಿದ. ಅವಳು ಬಿಲ್ಲೆ ಹಿಡಿದ ಕೈಯನ್ನು ಮುಂದೆ ಚಾಚಿದ್ದಳು. ಕೊಡಲೆಂದು ಚಾಚಿದ ಕೈ ಅಲ್ಲಿಯೇ ನಿಂತಿತ್ತು. ಸಾಲಿನ ಅಷ್ಟೂ ಹೆಂಗಸರು ಮಾತು ಬಿಟ್ಟು ಅವನನ್ನು ನೋಡುತ್ತಿದ್ದರು.

ಅವನು ಬಾಗಿ ಚೀಲದ ಬಾಯಿ ಬಿಚ್ಚಿದ. ಸಜ್ಜೆ ಗಿರಣಿಯ ಬಾಯಿಗೆ ಸುರಿಯಿತು.

ಸರುಬಾಯಿ ಕೈ ಇಳಿಸಿದಳು. ಅಲ್ಲಿಂದ ಕದಲಲಿಲ್ಲ. ರುಕ್ಮಿಣಿಬಾಯಿ ಅವಳನ್ನು ಮೇಲಿಂದ ಕೆಳಗೆ ನೋಡಿದರು. ಅವಳ ನೋಟ ಬಸವಣಪ್ಪನ ಮೇಲೆ ನಿಂತ ರೀತಿ ಅವರಿಗೆ ಹಿಡಿಸಲಿಲ್ಲ. ಅವನ ಕಿವಿಯ ಹತ್ತಿರ ಬಾಗಿ, ಗದ್ದಲದ ನಡುವೆ ಕೇಳಿದರು. "ಯಾರೋ ಇಕಿ? ಗಿರಣಿ ತನ್ನದೇ ಅನ್ನೂಹಂಗ ನಿಂತಾಳ."

ಗಿರಣಿಯವರಿಗೆ ಸಣ್ಣ ದನಿಯಲ್ಲಿ ಮಾತಾಡಿ ರೂಢಿ ಇರುವುದಿಲ್ಲ. ಕಲ್ಲಿನ ಸದ್ದು ಮೀರಿ ಕೂಗಿ ಕೂಗಿ, ಕಿವಿಯಲ್ಲಿ ಹೇಳಬೇಕಾದ ಮಾತೂ ಅವರ ಬಾಯಿಂದ ಕೂಗಾಗಿಯೇ ಬರುತ್ತದೆ. ಬಸವಣಪ್ಪ ಉತ್ತರಕ್ಕೆ ಬಾಯಿ ತೆರೆದ ಆ ಗಳಿಗೆಗೇ ಕರೆಂಟು ಹೋಯಿತು. ಪಟ್ಟಾ ಸಡಿಲಾಯಿತು. ಸದ್ದು ಸತ್ತ ಆ ಕೋಣೆಯಲ್ಲಿ ಅವನ ಮಾತು ಪೂರ್ತಿ ಗಂಟಲಿನಿಂದ ಬಂದು ಬಿದ್ದಿತು.

"ಯಾರೋ ಗಿರಾಕಿ, ಅತ್ತಿ. ನನಗ ಗೊತ್ತಿಲ್ಲ."

ರಸ್ತೆಯಲ್ಲಿ ನಿಂತ ಕೊನೆಯ ಹೆಂಗಸಿಗೂ ಅದು ಕೇಳಿಸಿತು.

ಕಮಳಾಬಾಯಿ ಸೆರಗು ಬಾಯಿಗೆ ಒತ್ತಿಕೊಂಡಳು. ಯಾರೂ ನಗಲಿಲ್ಲ. ಸರುಬಾಯಿ ಬಿಲ್ಲೆಯನ್ನು ಮೇಜಿನ ಮೇಲಿಟ್ಟಳು. ತನ್ನ ಬುಟ್ಟಿ ಎತ್ತಿಕೊಂಡಳು, ಬೀಸದ ಕಾಳಿನದು. ಕಟ್ಟೆಯ ಹತ್ತಿರ ಹೋಗಲಿಲ್ಲ. ಮೊಣಕಾಲೂರಿ, ಒಬ್ಬಳೇ, ಬುಟ್ಟಿಯನ್ನು ತಲೆಗೇರಿಸಿಕೊಂಡು ಎದ್ದು ನಡೆದಳು.

ರುಕ್ಮಿಣಿಬಾಯಿ, "ಕರೆಂಟು ಈಗೇ ಹೋಗಬೇಕಾ" ಎಂದು ಬೀಗರ ಕಡೆ ತಿರುಗಿ ನಕ್ಕರು.

*

ಆ ಸಂಜೆ ಮಾವ ಊಟಕ್ಕೆ ಕುಳಿತಿದ್ದಾಗ ಬಸವಣಪ್ಪ ಎದುರಿಗೆ ಬಂದು ನಿಂತು ಎಲ್ಲವನ್ನೂ ಹೇಳಿದ. ಕಲ್ಲು ಕಾದದ್ದು, ಬಿಲ್ಲೆ, ಕಟ್ಟೆ, ಶ್ರಾವಣದ ಮಾತು, ಮಧ್ಯಾಹ್ನದ ಮಾತು. ಅತ್ತೆ ಬೀಗರೊಂದಿಗೆ ಗುಡಿಗೆ ಹೋಗಿದ್ದರು. ಮಹಾರುದ್ರಪ್ಪನವರು ತುತ್ತು ಕೈಯಲ್ಲಿ ಹಿಡಿದು ಕೇಳಿದರು.

"ಇದನ್ನ ಹೇಳಾಕ ನಿನಗ ಇಷ್ಟು ದಿನ ಬೇಕಾಯ್ತು?"

"ನೀವು ಸಿಟ್ಟಿಗೇಳ್ತೀರಿ ಅಂತ."

"ಏಳ್ತಿದ್ದೆ. ಮೂರು ತಿಂಗಳು ನಿನ್ನ ಮುಖ ನೋಡ್ತಿರಲಿಲ್ಲ." ಅವರು ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಟ್ಟರು. "ಆಮ್ಯಾಲ ಏನ್ ಮಾಡ್ತಿದ್ದೆ? ಗಂಡುಮಗ ಅಂತ ನನಗ ನೀನೇ ಇರಾಂವ. ನಿಮ್ಮತ್ತಿ ಒಂದು ವರ್ಷ ಅತ್ತು, ಮೊಮ್ಮಗ ಹುಟ್ಟಿದ್ರ ಸುಮ್ನಾಗ್ತಿದ್ಲು. ಹೋಗು, ಈಗರೆ ಹೋಗಿ ಅವರನ್ನ ಕೇಳು. ಹೂಂ ಅಂದ್ರ ನಿಮ್ಮತ್ತಿಗಿ ನಾ ಹೇಳ್ತೀನಿ."

ಮೂರು ತಿಂಗಳು. ಅವನು ಹೆದರಿ ಕುಳಿತದ್ದು ಅದಕ್ಕಿಂತ ಹೆಚ್ಚಾಗಿತ್ತು.

ಊರಂಚಿನ ಓಣಿಗೆ ಓಡುವ ಹಾಗೆ ನಡೆದ. ಸರುಬಾಯಿಯ ತಾಯಿ ಮಾಣಿಕಮ್ಮ ಹೊರಗೆ ಕುಳಿತು ಕಡ್ಡಿ ಒಟ್ಟುತ್ತಿದ್ದಳು. ಒಳಗಿನಿಂದ ಬೀಸುವ ಕಲ್ಲಿನ ಸದ್ದು ಬರುತ್ತಿತ್ತು. ಅದು ಒಮ್ಮೆ ತಿರುಗಿ, ಒಮ್ಮೆ ನಿಂತು, ಉಸಿರು ತೆಗೆದುಕೊಂಡು ಮತ್ತೆ ತಿರುಗುತ್ತಿತ್ತು.

"ಕುಂದರಪ್ಪ" ಅಂದಳು ಮುದುಕಿ. "ಹಬ್ಬದ ಹಿಟ್ಟು ಬೀಸಾಕತ್ತಾಳ. ನನ್ನ ಕೈ ಬರಲ್ಲ ಈಗ."

ಸದ್ದು ನಿಂತಿತು. ಸರುಬಾಯಿ ಬಾಗಿಲಿಗೆ ಬಂದಳು. ಅಂಗೈ ಕೆಂಪಾಗಿದ್ದವು, ಅವನ ಕಣ್ಣು ಅಲ್ಲಿಗೆ ಹೋದದ್ದು ನೋಡಿ ಸೆರಗಿನೊಳಗೆ ಎಳೆದುಕೊಂಡಳು.

"ಮಾವಗ ಹೇಳಿದೆ ಸರೂ. ಅವರು ಹೂಂ ಅಂದಾರ. ಈಗೇ ಹೇಳಿ ಬಂದೀನಿ."

ಅವಳ ಮುಖದಲ್ಲಿ ಏನೋ ಒಂದು ಎದ್ದಿತು, ತೆನೆಯ ಮೇಲೆ ಗಾಳಿ ಹೋದ ಹಾಗೆ. ಮತ್ತೆ ನೆಟ್ಟಗಾಯಿತು.

"ಮಧ್ಯಾಹ್ನ ಕಲ್ಯಾಣದ ಬಸ್ಸಿಗಿ ಗಂಡಿನ ಕಡಿಯವರೊಬ್ಬರು ಹೊಂಟಿದ್ರು. ಒಪ್ಪಿಗಿ ಅದ ಅಂತ ಹೇಳಿ ಕಳಿಸೀನಿ."

"ನಾಳೆ ಬ್ಯಾಡ ಅಂತ ಹೇಳಿ ಕಳಸೋಣು. ನಾನೇ ಹೋಗ್ತೀನಿ. ಕಾಲು ಬೀಳ್ತೀನಿ ಅವರಿಗಿ."

"ಎರಡು ತಿಂಗಳು ಅವರನ್ನ ಇವತ್ತ ನಾಳಿ ಅಂತ ಕಾಯಿಸೀನಿ, ನಿಮ್ಮ ಸಲುವಾಗಿ. ಆ ಹುಡುಗ ಏನ್ ಪಾಪ ಮಾಡಿದ್ದ? ಇವತ್ತ ಹೂಂ ಅಂದು ನಾಳಿ ಬ್ಯಾಡ ಅನ್ನೂದು..." ಅವಳು ಚೌಕಟ್ಟು ಹಿಡಿದುಕೊಂಡಳು. "ಕಾಯೂದು ಹ್ಯಾಂಗಿರ್ತದ ನನಗ ಗೊತ್ತದರಿ. ನಾ ಇನ್ನೊಬ್ಬರಿಗಿ ಅದನ್ನ ಮಾಡಲ್ಲ."

ಮಾಣಿಕಮ್ಮ ಎದ್ದು ಒಳಗೆ ಹೋದಳು.

ಅವನಿಗೆ ಅಳು ಬಂತು. ಗಂಡಸು ಅಳುವುದನ್ನು ನೋಡಿ ಸರುಬಾಯಿ ಒಂದು ಹೆಜ್ಜೆ ಹೊಸ್ತಿಲು ದಾಟಿದಳು, ಅಲ್ಲಿಯೇ ನಿಂತಳು. ಕೈ ಮಾತ್ರ ಮುಂದೆ ಬಂದು, ಅವನ ಅಂಗಿಯ ತೋಳಿನ ಮೇಲಿನ ಹಿಟ್ಟನ್ನು ಎರಡು ಸಲ ಕೊಡವಿತು.

"ಚೀಲ ಮದಲ ಹಾಕಿದ್ದಕ್ಕ ನನಗೇನಿಲ್ಲ. ಅವರು ನಿಮ್ಮತ್ತಿ. ಆದ್ರ ಅವರು ನನ್ನ ಯಾರಂತ ಕೇಳಿದ್ರು. ಅದಕ್ಕ ಖರೆ ಉತ್ತರ ಇನ್ನಾ ಅವರಿಗಿ ಮುಟ್ಟಿಲ್ಲ. ಅದೊಂದು ಮುಟ್ಟಸ್ರಿ. ನೀವು ನನಗ ಕೊಡೂದು ಅದೊಂದೇ."

"ಹೇಳ್ತೀನಿ."

"ಯಾವಾಗಂತ ಕೇಳಲ್ಲ, ನೀವೇ ನೋಡ್ರಿ" ಅಂದು ಒಳಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಕಲ್ಲು ಮತ್ತೆ ತಿರುಗತೊಡಗಿತು.

*

ಫಾಲ್ಗುಣದಲ್ಲಿ ಸರುಬಾಯಿ ಮದುವೆಯಾಗಿ ಬಸವಕಲ್ಯಾಣಕ್ಕೆ ಹೋದಳು. ಮಾವ, "ಮುಗಿದದ್ದು ಮುಗೀತು, ಇನ್ನ ನಿಮ್ಮತ್ತಿಗಿ ಯಾಕ ಹೇಳ್ತಿ" ಅಂದರು. ಬಸವಣಪ್ಪನಿಗೂ ಹೇಳಲು ಸರಿಯಾದ ದಿನ ಸಿಗಲಿಲ್ಲ. ಮೂರು ವರ್ಷದ ಮೇಲೆ ಅತ್ತೆಯೇ ಹುಡುಕಿ ತಂದ ಹುಡುಗಿಯನ್ನು ಮದುವೆಯಾದ. ಒಳ್ಳೆಯವಳು. ಆಮೇಲಂತೂ ಹೇಳುವುದು ಇನ್ನೂ ಕಷ್ಟವಾಯಿತು.

ಗಿರಣಿ ಬೆಳೆಯಿತು. ದುಬಲಗುಂಡಿಯಲ್ಲಿ ಹೊಸ ಗಿರಣಿ ಹಾಕುವವರು ಬಂದು ಬಿಲ್ಲೆ, ಕಟ್ಟೆ, ಹೊತ್ತು ಕಟ್ಟಿದ ಕ್ರಮ ಎಲ್ಲ ನೋಡಿ ಹೋದರು. ಯಾರ ತಲೆ ಇದು ಎಂದು ಕೇಳಿದಾಗ ರುಕ್ಮಿಣಿಬಾಯಿ ಹೆಮ್ಮೆಯಿಂದ, "ನಮ್ಮ ಬಸವಣ್ಣಿದೇ" ಅಂದರು. ಅವನು ಪಕ್ಕದಲ್ಲೇ ನಿಂತಿದ್ದ. ಬಾಯಿವರೆಗೆ ಬಂದದ್ದನ್ನು ನುಂಗಿದ. ಹೀಗೆ ಎಷ್ಟೋ ಸಲ ಆಯಿತು.

1982ರ ಬೇಸಿಗೆಯಲ್ಲಿ ಜಲಾಲುದ್ದೀನ್ ಚಾಚಾ ಬರಲಿಲ್ಲ. ಮೊಣಕಾಲು ಹ್ವಾದಾವ, ಬಂದು ಕರಕೊಂಡು ಹೋಗು ಎಂದು ಹೇಳಿ ಕಳಿಸಿದ್ದ. ಬಸವಣಪ್ಪ ಬಸ್ಸು ಹತ್ತಿ ಬಸವಕಲ್ಯಾಣಕ್ಕೆ ಹೋದ. ಕೋಟೆಯ ಕಡೆಯ ಓಣಿಯಲ್ಲಿ ಚಾಚಾನ ಮನೆ ಹುಡುಕುತ್ತಿದ್ದಾಗ ನಳದ ಹತ್ತಿರ ಕೊಡಗಳ ಸಾಲು ಕಂಡಿತು. ಸಾಲಿನ ನಡುವೆ ನಿಂತವಳ ಒಂದು ಪಾದ ಇನ್ನೊಂದರ ಮೇಲಿತ್ತು.

ಅವಳೂ ನೋಡಿದಳು. ಕೊಡ ಅಲ್ಲಿಯೇ ಬಿಟ್ಟು ನಾಲ್ಕು ಹೆಜ್ಜೆ ಬಂದಳು. ಸ್ವಲ್ಪ ತುಂಬಿಕೊಂಡಿದ್ದಳು. ಕೊರಳಲ್ಲಿ ಕರಿಮಣಿ.

"ಬಸ್ಸಿಗಿ ಬಂದ್ರ್ಯಾ? ಮೈ ತೊಳಕೊಂಡು ಬರಬಾರದಾ, ತಲಿಗಿ ಹಿಟ್ಟು ಹಂಗೇ ಅದ."

"ಹಿಟ್ಟಲ್ಲ ಸರೂ."

ಅವಳು ಮತ್ತೊಮ್ಮೆ ನೋಡಿದಳು. ನಗಲು ಹೋಗಿ, ಬಿಟ್ಟಳು. "ನನಗ ಎರಡು ಹುಡುಗರು. ಮನಿಯವರು ಪಾಡ ಅದಾರ. ಕುಡಿಯಲ್ಲ, ಬಡಿಯಲ್ಲ. ನಿಮಗ?"

"ಒಬ್ಬಾಕಿ ಮಗಳು."

ನೀರು ಕೊಡಕ್ಕೆ ಬೀಳುವ ಸದ್ದು ಕೇಳುತ್ತಿತ್ತು. ಸಾಲು ಒಂದೊಂದೇ ಕೊಡದಷ್ಟು ಮುಂದೆ ಸರಿಯುತ್ತಿತ್ತು. ಯಾರೋ ಅವಳ ಕೊಡವನ್ನೂ ಕಾಲಿನಿಂದ ಮುಂದೆ ದೂಡಿದರು.

"ನಿಮ್ಮತ್ತಿಗಿ ಹೇಳಿದ್ರ್ಯಾ?" ಎಂದು ಕೇಳಿದಳು. ನಿನ್ನೆ ಮೊನ್ನೆಯ ಮಾತು ಕೇಳುವ ಹಾಗೆ.

ಅವನು ನೆಲ ನೋಡಿದ. "ಹ್ವಾದ ಶ್ರಾವಣದಾಗ ತೀರಿಕೊಂಡ್ರು."

"ಹೇಳಿರಲಿಲ್ಲ?"

"ಇಲ್ಲ."

ಸರುಬಾಯಿ ಸೆರಗಿನ ತುದಿ ಬೆರಳಿಗೆ ಸುತ್ತಿ ಬಿಚ್ಚಿದಳು. "ಭಾಳ ನರಳಿದ್ರೇನು?"

"ಎರಡು ದಿನ. ನನ್ನ ಕೈ ಹಿಡಕೊಂಡೇ ಹ್ವಾದ್ರು."

"ಪಾಪ" ಅಂದಳು. ಆ ಮಾತು ಸತ್ತವರಿಗೋ ತನಗೋ ಅವನಿಗೆ ತಿಳಿಯಲಿಲ್ಲ. "ನಿಂತ್ರ ಬಿಸಿಲು ಏರ್ತದ. ಚಾಚಾನ ಮನಿ ಎಡಕಿನ ಮೂರನೇದು. ಬೇವಿನ ಗಿಡದ ಬಾಗಲು."

ಅವಳು ತಿರುಗಿ ಸಾಲಿಗೆ ಹೋದಳು. ಅವನು ಎಡಕ್ಕೆ ಹೊರಟ. ಹಿಂದಿನಿಂದ ಸಾಲಿನಲ್ಲಿದ್ದ ಒಬ್ಬ ಹೆಂಗಸು ಅವಳನ್ನು ಕೇಳಿದ್ದು ಕಿವಿಗೆ ಬಿತ್ತು.

"ಯಾರು ಸರುಬಾಯಿ, ಅವರು?"

ಬಸವಣಪ್ಪನ ಕಾಲು ನಿಂತವು.

"ಹುಮನಾಬಾದದ ಗಿರಣಿಯವರು" ಅಂದಳು ಸರುಬಾಯಿ. ದನಿ ಏರಿಸಲಿಲ್ಲ, ಇಳಿಸಲೂ ಇಲ್ಲ. "ನನ್ನ ಲಗ್ನ ಆಗಬೇಕಂತ ಇದ್ದವರು. ನನಗೂ ಮನಸ್ಸಿತ್ತು. ಹೇಳೂದು ಅವರಿಂದ ಆಗಲಿಲ್ಲ."

ಅವಳ ಪಾಳಿ ಬಂದಿರಬೇಕು. ಖಾಲಿ ಕೊಡದ ತಳಕ್ಕೆ ನೀರು ಬಿದ್ದ ಸದ್ದು ಬಂತು. ಅದು ತುಂಬುವವರೆಗೂ ಅವನು ಅಲ್ಲಿಯೇ, ಬೆನ್ನು ತಿರುಗಿಸಿಕೊಂಡೇ ನಿಂತಿದ್ದ.